ತೆಗಳಿ ಕೊಳ್ಳುವ ಮನುಷ್ಯ

ಪೆಟ್ಟಿಗೆ ಮಾವ ಹುಟ್ಟಾ ಸಿಡುಕ, ಲೋಕದಲ್ಲಿ ಯಾವುದನ್ನೂ ಸಹಿಸದವನು ಎಂದು ನಾನು ಮೊದಲ ಭೇಟಿಯಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಪತ್ರಿಕೆಗೆ ವಾರವಾರ ಅಂಕಣ ಬರೆಯುವವನಿಗೆ ತೀರ್ಮಾನಗಳು ಬಿಸಿಬಿಸಿಯಾಗಿ ಬೇಕಾಗುತ್ತವೆ. ಆರಿದ ಮೇಲೆ ಅವು ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಆಗ ನಾವು ಈ ಬೀದಿಗೆ ಬಾಡಿಗೆಗೆ ಬಂದ ಹೊಸತು. ರೈಲಿನ ಗೂಡ್ಸ್ ಶೆಡ್ಡಿನ ಹಿಂದೆ ಭಾನುವಾರ ಹಳೆಯ ಸಾಮಾನಿನ ಸಂತೆ ಕೂಡುತ್ತದೆ ಎಂದು ಕೇಳಿ, ಒಂದು ಬೆಳಿಗ್ಗೆ ಚೀಲ ಹಿಡಿದು ಹೊರಟೆ. ಹಿಡಿಯಿಲ್ಲದ ಬಾಣಲೆ, ಗಂಟಲು ಕಟ್ಟಿದ ರೇಡಿಯೋ, ಒಂಟಿ ಬೂಟು ಎಲ್ಲ ದಾಟಿ ಮುಂದೆ ಹೋದರೆ, ಒಬ್ಬಳು ಮುದುಕಿ ಗೋಣಿಚೀಲದ ಮೇಲೆ ಬಡಗಿಯ ಸಾಮಾನು ಹರಡಿಕೊಂಡು ಕೂತಿದ್ದಳು. ಅವಳ ಎದುರು ಕುಕ್ಕರಗಾಲಲ್ಲಿ ಒಬ್ಬ ಒಣಕಲು ಮನುಷ್ಯ. ಕೈಯಲ್ಲಿ ಮರ ಕೀಸುವ ಒಂದು ಹಳೆಯ ಉಜ್ಜುಗೊರಡು. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ.

"ಇದೇನಮ್ಮಾ ಇದು, ಉಜ್ಜುಗೊರಡೋ ದೋಣಿಯೋ? ತಳ ನೋಡು, ಒಳ್ಳೆ ತೊಟ್ಟಿಲ ಹಾಗೆ ಬಾಗಿದೆ. ಅಲಗು ಇದರದ್ದಲ್ಲ, ಯಾವನೋ ದಾರಿಲಿ ಬಿದ್ದಿದ್ದನ್ನ ತಂದು ತುರುಕಿದಾನೆ. ಇದನ್ನ ಮನೆಗೆ ತಗೊಂಡು ಹೋದ್ರೆ ಇರೋ ಸಾಮಾನೂ ಕೆಟ್ಟು ಹೋಗುತ್ತೆ!"

ಮುದುಕಿ ಸುಮ್ಮನೆ ಅಡಿಕೆಲೆಯ ಬದಲು ಗಾಳಿಯನ್ನೇ ಜಗಿಯುತ್ತಾ ಕೂತಿದ್ದಳು. ಬಡವಳ ಬಾಳಿನ ಮೇಲೆ ಈ ಪಾಟಿ ಕಲ್ಲೆಸೆಯುವುದೆ? ಧರ್ಮಸ್ಥಾಪನೆಗೆ ಸಿದ್ಧನಾಗಿ ಮುಂದೆ ಬಂದು, "ಅಜ್ಜಿ, ನನಗೆ ಕೊಡಿ, ನೀವು ಹೇಳಿದ ಬೆಲೆಗೇ ತಗೋತೀನಿ" ಎಂದೆ. ಆ ಮನುಷ್ಯ ಬಾಯಿ ಮುಚ್ಚುವುದರೊಳಗೆ ಉಜ್ಜುಗೊರಡು ನನ್ನ ಚೀಲದಲ್ಲಿತ್ತು. ಮುದುಕಿ ನನ್ನನ್ನು ನೋಡಿದ್ದು ಕೃತಜ್ಞತೆಯಿಂದ ಎಂದೇ ನಾನು ಬಹಳ ದಿನ ನಂಬಿದ್ದೆ. ಈಗ ಯೋಚಿಸಿದರೆ ಅದು ಕನಿಕರ.

ಒಣಕಲು ಮನುಷ್ಯ ನನ್ನ ಹಿಂದೆಯೇ ಬಂದ. ಸಂತೆ ದಾಟಿದೆ, ಬಂದ. ಸೇತುವೆ ದಾಟಿದೆ, ಬಂದ. ನಮ್ಮ ಬೀದಿಗೆ ತಿರುಗಿದಾಗ ನಾನು ಹೆಜ್ಜೆ ಜೋರು ಮಾಡಿದೆ. ಗೇಟಿನ ಹತ್ತಿರ ಹಿಡಿದು ನಿಲ್ಲಿಸಿಯೇಬಿಟ್ಟ.

"ಅದನ್ನ ಏನ್ ಮಾಡ್ತೀರಿ?"

"ಮೇಜಿನ ಮೇಲೆ ಇಡ್ತೀನಿ. ಕಾಗದ ಹಾರದ ಹಾಗೆ."

ಅವರ ಮುಖ ನೋಡಬೇಕಿತ್ತು. ಸ್ವಂತ ಮಗಳನ್ನು ಪಾತ್ರೆ ತೊಳೆಯಲು ಹಚ್ಚಿದ ಮನೆಯನ್ನು ನೋಡಿದ ತಂದೆಯ ಮುಖ. ನೇರ ನನ್ನ ಮನೆಯಿಂದ ಎರಡೇ ಬಾಗಿಲು ಆಚೆಗಿನ ಮನೆಯೊಳಗೆ ಹೋದರು. ಅವರೇ ಬೀದಿಯವರೆಲ್ಲ ಕರೆಯುವ ಪೆಟ್ಟಿಗೆ ಮಾವ. ಸಂಜೆ ಬಂದರು. ಕೈಯಲ್ಲಿ ಹೊಳೆಯ ದಂಡೆಯ ಒಂದು ನುಣ್ಣನೆಯ ಗುಂಡುಕಲ್ಲು.

"ಕಾಗದ ಹಾರದೇ ಇರೋಕೆ ಇದು ಸಾಕು. ತಳ ಬಾಗಿಲ್ಲ, ಅಲಗು ಬದಲಾಗಿಲ್ಲ. ಅದನ್ನ ಕೊಡಿ."

ಕೊಟ್ಟೆ. ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಮಾರನೆಯ ದಿನ ಬಂದು ವಿಷಯ ಬಿಡಿಸಿ ಹೇಳಿದರು. ಆ ಉಜ್ಜುಗೊರಡಿಗಾಗಿ ಅವರು ತಿಂಗಳುಗಟ್ಟಲೆ ಪ್ರತಿ ಭಾನುವಾರ ಹೋಗಿ ಬೈದು ಬರುತ್ತಿದ್ದರಂತೆ. ಮುದುಕಿಯೂ ಕಡಿಮೆಯವಳಲ್ಲ, ಬೈಸಿಕೊಂಡಷ್ಟೂ ಬೆಲೆ ಏರಿಸುತ್ತಿದ್ದಳಂತೆ. "ಇವರು ಒಂದು ಸಾಮಾನನ್ನ ಎಷ್ಟು ಬೈತಾರೋ ಅಷ್ಟು ಇಷ್ಟ ಅಂತ ಲೆಕ್ಕ ಕಣಪ್ಪ. 'ಚೆನ್ನಾಗಿದೆ' ಅಂದ್ರೋ, ಆ ಕಡೆ ತಿರುಗಿಯೂ ನೋಡಲ್ಲ."

ಇದು ಅವರ ಒಬ್ಬರ ಕಾಯಿಲೆಯಲ್ಲ. ಹಳೆಯ ಸಾಮಾನು ಕೊಳ್ಳುವವರೆಲ್ಲ ಹೀಗೇ. ಕಣ್ಣು ಬಿದ್ದ ವಸ್ತುವಿಗೆ ಮೂಗು ಮುರಿಯಬೇಕು. ಪಕ್ಕದ ಕಸವನ್ನು ಮೆಚ್ಚಬೇಕು. ಹೋಗಲಿ ಪಾಪ ಎಂಬಂತೆ ಬೇಕಾದ್ದನ್ನು ಎತ್ತಿಕೊಂಡು ಬರಬೇಕು. ಉಳಿದವರು ಸಂತೆಯಿಂದ ಹೊರಟಾಗ ಆ ನಾಲಿಗೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಇವರು ಮನೆಗೂ ತಂದುಬಿಟ್ಟರು. ಅದಕ್ಕೆ ಕಾರಣ ನೌಕರಿ ಎಂದು ಅತ್ತೆಯ ವಾದ. ಮಾವ ಗುಂಡಿ ಕಾರ್ಖಾನೆಯಲ್ಲಿ ತಪಾಸಣೆಗಿದ್ದವರು. ಎದುರಿಗೆ ಹರಿದು ಬರುವ ಗುಂಡಿಗಳಲ್ಲಿ ಒಡಕು, ಸೊಟ್ಟ, ತೂತಿಲ್ಲದ್ದನ್ನು ಆರಿಸಿ ತೆಗೆಯುವುದೇ ಕೆಲಸ. ಒಳ್ಳೆಯ ಗುಂಡಿ ಕಂಡರೆ ಏನೂ ಹೇಳುವಂತಿಲ್ಲ, ಅದು ತನ್ನ ಪಾಡಿಗೆ ಹೋಗುತ್ತದೆ. ನಿವೃತ್ತಿಯವರೆಗೂ ಹೀಗೆ ಕೂತ ಮನುಷ್ಯನಿಗೆ ಒಳ್ಳೆಯದನ್ನು ಕಂಡಾಗ ಬಾಯಿ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಅವರ ಮನೆಗೆ ಹೋದರೆ ಕೂರಲು ಕುರ್ಚಿ ಸಿಗುವುದಿಲ್ಲ, ಪೆಟ್ಟಿಗೆ ಸಿಗುತ್ತದೆ. ಪ್ಲಂಬರನ ತಗಡಿನ ಪೆಟ್ಟಿಗೆ, ಗಡಿಯಾರ ರಿಪೇರಿಯವನ ಅಂಗೈ ಅಗಲದ ಡಬ್ಬಿ, ಗಾಡಿ ಕಟ್ಟುವವನ ಹೆಬ್ಬಾವಿನಂಥ ಉದ್ದ ಪೆಟ್ಟಿಗೆ. ಊಟ ಒಂದರ ಮೇಲೆ, ಇಸ್ತ್ರಿ ಇನ್ನೊಂದರ ಮೇಲೆ. ಒಳಗಿನ ಸಾಮಾನನ್ನು ಮಾವ ತುಕ್ಕು ಬಿಡಿಸಿ, ಸಾಣೆ ಹಿಡಿದು, ಹೊಸ ಹಿಡಿ ಕೂರಿಸಿ, ಬೇಕು ಎಂದು ಬಂದ ಕೆಲಸಗಾರರಿಗೆ ಕೊಡುತ್ತಾರೆ. ಕೊಡುವಾಗಲೂ ಬೈದೇ ಕೊಡುತ್ತಾರೆ. ಸ್ನಾನದ ಮನೆಯ ಬಕೆಟ್ಟಿನಲ್ಲಿ ತುಕ್ಕು ಬಿಡಲೆಂದು ವಿನೆಗರ್ ಕುಡಿಯುತ್ತಾ ಮಲಗಿದ ಇಕ್ಕಳಗಳನ್ನು ಎಬ್ಬಿಸಿಯೇ ಆ ಮನೆಯಲ್ಲಿ ಯಾರಾದರೂ ಮೈಗೆ ನೀರು ಹಾಕಿಕೊಳ್ಳಬೇಕು. ಅತ್ತೆ ಗಣಿತದ ಟೀಚರಾಗಿದ್ದವರು, ಊರೆಲ್ಲ ಹೆದರುತ್ತಿದ್ದ ಟೀಚರು. ಈಗ ಬೀದಿಯ ಬಾಯಲ್ಲಿ 'ಪೆಟ್ಟಿಗೆ ಅತ್ತೆ' ಆಗಿದ್ದಾರೆ. ಆ ಸಿಟ್ಟು ಅವರಿಗಿದೆ.

ಇಷ್ಟು ಪೆಟ್ಟಿಗೆಗಳಿದ್ದರೂ ಮಾವನಿಗೆ ಒಂದು ಕೊರಗು. ಒಬ್ಬ ಬಡಗಿ ತನ್ನ ಕೈಯಾರೆ ತನಗೇ ಮಾಡಿಕೊಂಡ ಪೆಟ್ಟಿಗೆ, ಅವನು ದುಡಿದ ಸಾಮಾನೆಲ್ಲ ಒಳಗೇ ಇರುವಂಥದ್ದು, ಒಂದೂ ಸಿಕ್ಕಿರಲಿಲ್ಲ. ಸಂತೆಗೆ ಬರುವ ಹೊತ್ತಿಗೆ ಪೆಟ್ಟಿಗೆ ಒಬ್ಬನ ಪಾಲು, ಉಳಿ ಇನ್ನೊಬ್ಬನ ಪಾಲು, ಗರಗಸ ಗುಜರಿಯ ಪಾಲು. ಹಾಗಿರುವಾಗ ಹಳೆಯ ಪೇಟೆಯಲ್ಲಿ ಒಂದು ಬಡಗಿಯ ಅಂಗಡಿ ಖಾಲಿ ಮಾಡುತ್ತಿದ್ದಾರೆ, ಪೆಟ್ಟಿಗೆ ಇಡಿಯಾಗಿ ಇದೆ ಎಂದು ಸುದ್ದಿ ಬಂತು. ಜೊತೆಗೆ ಇನ್ನೊಂದು ಸುದ್ದಿ: ಒಬ್ಬ ಹೋಟೆಲಿನವನು ಅದನ್ನು ನೋಡಿ ಹೋಗಿದ್ದಾನೆ, ಸಾಮಾನು ಬಿಸಾಡಿ, ಪೆಟ್ಟಿಗೆಗೆ ಮಣ್ಣು ತುಂಬಿ, ಬಾಗಿಲಲ್ಲಿ ಹೂಗಿಡ ನೆಡುತ್ತಾನಂತೆ.

ಮಾವ ಅರ್ಧ ಊಟದಿಂದ ಎದ್ದು ಬಂದರು. "ಲೇಖಕರೇ, ಕಾರು ತೆಗೀರಿ."

ಅಂಗಡಿಯಲ್ಲಿ ಬಡಗಿಯ ಮಗಳಿದ್ದಳು. ಗೋಡೆಗಳು ಬೋಳು. ಗರಗಸಗಳು ನೇತಾಡಿದ ಕಡೆ ಸುಣ್ಣದ ಮೇಲೆ ಅವುಗಳ ಬಿಳಿ ಅಚ್ಚು ಮಾತ್ರ. ನೆಲದ ನಡುವೆ ಪೆಟ್ಟಿಗೆ. ಕಿಟಕಿಯ ಹತ್ತಿರ ಆರಾಮಕುರ್ಚಿಯಲ್ಲಿ ಯಾರೋ ಹಿರಿಯರು ಮುಖದ ಮೇಲೆ ಪೇಪರು ಹೊದ್ದು ಮಲಗಿದ್ದರು. ಮಗಳು ಮುಚ್ಚಳ ತೆರೆದಳು. ಒಳಗೆ ಮೂರು ಜಾರುವ ತಟ್ಟೆಗಳು. ಒಂದನ್ನು ಸರಿಸಿದರೆ ಇನ್ನೊಂದು ಕಾಣುವಂತೆ. ಉಳಿಗಳು ತಮ್ಮ ತಮ್ಮ ಗೂಡುಗಳಲ್ಲಿ, ದೊಡ್ಡಣ್ಣನಿಂದ ಚಿಕ್ಕ ತಮ್ಮನವರೆಗೆ. ಗರಗಸಗಳು ಮುಚ್ಚಳದ ಒಳಮೈಗೆ ಆತು ನಿಂತಿದ್ದವು. ಪಕ್ಕದಲ್ಲಿ ನಿಂತ ಮಾವನ ಉಸಿರು ನಿಂತದ್ದು ನನಗೆ ಕೇಳಿಸಿತು.

ಆಮೇಲೆ ಶುರುವಾಯಿತು.

"ಇದಾ? ಇದಕ್ಕೋಸ್ಕರ ಊಟ ಬಿಟ್ಟು ಬಂದ್ನಾ? ಮುಚ್ಚಳ ನೋಡಮ್ಮ, ಕೊರಗಿ ಕೊರಗಿ ಸೊಟ್ಟಗಾಗಿದೆ. ಕೀಲು ಯಾರ ಮನೆ ಗೇಟಿಂದು? ಈ ಉಳಿ ಹಿಡಿಗಳು... ಮೂಲಂಗಿ ತಂದು ಸಿಕ್ಕಿಸಿದಾರಾ? ಇದನ್ನ ಮಾಡಿದ ಪುಣ್ಯಾತ್ಮ ಕಣ್ಣು ಮುಚ್ಕೊಂಡು ಮಾಡಿರಬೇಕು."

ಪೇಪರು ಕೆಳಗಿಳಿಯಿತು.

"ಕಣ್ಣು ತೆರೆದೇ ಮಾಡಿದ್ದು," ಎಂದರು ಆರಾಮಕುರ್ಚಿಯವರು.

ಬಡಗಿ ಹೋಗಿಬಿಟ್ಟಿದ್ದಾರೆ, ಆದ್ದರಿಂದಲೇ ಅಂಗಡಿ ಖಾಲಿಯಾಗುತ್ತಿದೆ ಎಂದು ಮಾವ ತಿಳಿದಿದ್ದರು. ಸಂತೆಯ ಅನುಭವ ಅವರಿಗೆ ಅದನ್ನೇ ಕಲಿಸಿತ್ತು: ಪೆಟ್ಟಿಗೆ ಹೊರಗೆ ಬಂತೆಂದರೆ ಒಡೆಯ ಮೇಲೆ ಹೋದ ಎಂದೇ. ಇಲ್ಲಿ ನೋಡಿದರೆ ಒಡೆಯ ಎದ್ದು ಕೂತು, ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ.

ಜಗಳಕ್ಕೆ ಬಂದಿದ್ದರೆ ಮಾವ ಗೆಲ್ಲುತ್ತಿದ್ದರು. ಬಡಗಿ ಅಜ್ಜ ಜಗಳಕ್ಕೆ ಬರಲಿಲ್ಲ. ತಲೆದೂಗಿದರು.

"ನೀವು ಹೇಳಿದ್ದು ಸರಿ. ಕೆಲಸ ಕಲೀವಾಗ ಮಾಡಿದ್ದು ಅದು. ಚೆನ್ನಾಗಿದೆ ಅಂತ ನಾನೊಬ್ನೇ ಅಂದ್ಕೊಂಡಿದ್ದೆ. ಗೊತ್ತಿರೋರು ನೋಡಿ ಹೇಳಿದ್ರಲ್ಲ, ಸಾಕು." ಮಗಳ ಕಡೆ ತಿರುಗಿದರು. "ಹೋಟೆಲಿನವನಿಗೆ ಬೇಡ ಅಂದುಬಿಡು ಮಗಾ. ನಾಲ್ಕು ಜನ ಓಡಾಡೋ ಬಾಗಿಲಲ್ಲಿ ಇಂಥದ್ದು ಇಟ್ಟು ನಾನು ಮರ್ಯಾದೆ ಕಳ್ಕೊಳ್ಳಲ್ಲ. ಒಡೆದು ಒಲೆಗೆ ಹಾಕೋಣ. ಇವತ್ತು ತೋಳು ನೋವು, ನಾಳೆ ಬೆಳಿಗ್ಗೆ ನಾನೇ ಒಡೀತೀನಿ."

"ಅಯ್ಯೋ, ಅಪ್ಪಾ!" ಎಂದಳು ಮಗಳು.

ಮಾವನ ಮುಖ ಸುಣ್ಣದ ಗೋಡೆಗಿಂತ ಬಿಳಿಚಿತು. ಒಡೆಯುವುದೆ? ಬಾಯಿ ತೆರೆದರು. ಒಂದು ಒಳ್ಳೆಯ ಮಾತು ಸಾಕಿತ್ತು. ಅದು ಗಂಟಲಿನವರೆಗೆ ಬಂದದ್ದನ್ನು ನಾನು ಕಂಡೆ. ಆದರೆ ಹೊರಗೆ ಬಿದ್ದದ್ದು, "ಅಷ್ಟೇನೂ... ತೀರಾ ಒಲೆಗೆ ಹಾಕೋ ಅಷ್ಟು ಕೆಟ್ಟದಾಗಿಲ್ಲ."

"ದೊಡ್ಡ ಮನಸ್ಸು ನಿಮ್ದು," ಎಂದರು ಅಜ್ಜ.

ಮಾತಿನಿಂದಲೇ ಬದುಕುವ ನಾನು ಅಲ್ಲಿರುವಾಗ ಮಾತಿಗೆ ಬರವೆ? ಮುಂದೆ ಬಂದು ಗಂಟಲು ಸರಿಪಡಿಸಿಕೊಂಡೆ. "ಯಜಮಾನರೇ, ಇದು ಬರೀ ಪೆಟ್ಟಿಗೆಯಲ್ಲ. ಕೈ ಮತ್ತು ಮರ ನಡೆಸಿದ ಸಂವಾದ. ಕಾಲ ಎಂಬ ಮಹಾಶಿಲ್ಪಿ—"

"ಇವರು ಯಾರು? ಹೋಟೆಲಿನವರಾ?" ಎಂದು ಅಜ್ಜ ಮಗಳನ್ನು ಕೇಳಿದರು.

ನಾವು ಇಂಗು ತಿಂದ ಮಂಗಗಳ ಹಾಗೆ ಕಾರು ಹತ್ತಿದೆವು. ಮನೆಗೆ ಬಂದು ಅತ್ತೆಗೆ ನಾನೇ ಎಲ್ಲ ಹೇಳಬೇಕಾಯಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ಕೇಳಿದರು. ಕೇಳಿದ ಮೇಲೆ ಗಣಿತದ ಟೀಚರ್ ಎಚ್ಚರಗೊಂಡರು.

"ಕೂತ್ಕೊಳ್ಳಿ ರೀ. ಹೊಗಳೋದು ಕಲಿಸ್ತೀನಿ. ಇಗೋ ಚಹಾ. ಕುಡಿದು ಒಳ್ಳೇ ಮಾತು ಹೇಳಿ."

ಮಾವ ಕುಡಿದರು. ಬಹಳ ಯೋಚಿಸಿದರು. "ಬಿಸಿಯಾಗಿದೆ."

"ಅದು ವರದಿ. ಹೊಗಳಿಕೆ ಬೇಕು."

"ಹೋದ ವಾರದ ಚಹಾಕ್ಕಿಂತ..."

"ಹೋಲಿಸಬೇಡಿ!"

"ಲೋಟ ಒಡೆದಿಲ್ಲ."

ಅತ್ತೆ ಹಣೆ ಚಚ್ಚಿಕೊಂಡರು. "ಮದುವೆಯಾದ ಹೊಸದರಲ್ಲಿ ನಾನು ಮೊದಲನೇ ಸಲ ಅಡುಗೆ ಮಾಡಿ ಬಡಿಸಿದಾಗ ಇವರು ಉಪ್ಪಿಂದ ಹಿಡಿದು ತಟ್ಟೆವರೆಗೆ ಬೈದ್ರು ಕಣಪ್ಪ. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಬಂದು ನೋಡಿದ್ರೆ ಪಾತ್ರೇಲಿ ಒಂದಗಳೂ ಇಲ್ಲ! ಅವತ್ತು ನನಗೆ ಲೆಕ್ಕ ಅರ್ಥ ಆಯ್ತು. ಆ ಬಡಗಿ ಅಜ್ಜನಿಗೆ ಅಂಥ ಖಾಲಿ ಪಾತ್ರೆ ತೋರಿಸೋದು ಹೇಗೆ?"

ಮಾವ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮೆಲ್ಲಗೆ, "ನನ್ನ ಬಾಯಿಂದ ಒಂದು ಪೆಟ್ಟಿಗೆ ಸಾಯುತ್ತೆ ಕಣೇ," ಎಂದರು. ಅವರನ್ನು ನಾನು ಹಾಗೆ ನೋಡಿದ್ದು ಅದೊಂದೇ ಸಲ. ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದರು. ಹೋಗುವಾಗ ಅವರ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟಿದ್ದರು.

ಬೆಳಿಗ್ಗೆ ಅತ್ತೆಯೂ ಕಾರು ಹತ್ತಿದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತುಟಿ ಅಲ್ಲಾಡಿಸುತ್ತಾ ಏನನ್ನೋ ಉರು ಹೊಡೆಯುತ್ತಿದ್ದರು. ನಾವು ಒಳಗೆ ಕಾಲಿಟ್ಟಾಗ ಸಾಮಾನೆಲ್ಲ ಕೆಲಸದ ಮೇಜಿನ ಮೇಲಿತ್ತು. ಪೆಟ್ಟಿಗೆ ಬರಿದಾಗಿ ಬಾಯಿ ತೆರೆದುಕೊಂಡಿತ್ತು. ಅಜ್ಜ ಸುತ್ತಿಗೆ ಹಿಡಿದು, ಎಲ್ಲಿಂದ ಶುರು ಮಾಡಲಿ ಎಂಬಂತೆ ಸುತ್ತು ಬರುತ್ತಿದ್ದರು. ಮಗಳು ಬಾಗಿಲಿಗೆ ಒರಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ಬನ್ನಿ. ಇನ್ನೂ ಏನಾದ್ರೂ ಬಾಕಿ ಇತ್ತಾ?" ಎಂದರು ಅಜ್ಜ.

ಮಾವ ಮುಂದೆ ಬಂದು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತರು. "ಈ ಪೆಟ್ಟಿಗೆ... ಬಹಳ... ಸುಂದರ... ಪೆಟ್ಟಿಗೆ."

ಕಲ್ಲು ಕೂಡ ನಂಬುತ್ತಿರಲಿಲ್ಲ. ಅಜ್ಜ ನಿಟ್ಟುಸಿರುಬಿಟ್ಟು ಸುತ್ತಿಗೆ ಎತ್ತಿದರು.

"ತಾತ, ತಡೀರಿ!" ಎಂದರು ಅತ್ತೆ. "ಇವರು ಬೈದ್ರೆ ಇಷ್ಟ ಅಂತ. ಹೊಗಳಿದ್ರೆ ಬೇಡ ಅಂತ. ನಾನು ಬಾಳ್ವೆ ಮಾಡಿ ಕಂಡುಕೊಂಡಿದ್ದು."

"ನನ್ನ ಸಮಾಧಾನಕ್ಕೆ ಹೇಳ್ತೀಯಾ ತಾಯಿ. ಹೆಂಡತಿ ಅಂದ್ಮೇಲೆ ಗಂಡನ ತಪ್ಪು ಮುಚ್ಚಲೇಬೇಕಲ್ಲ."

"ನಾನಾ? ಇವರ ತಪ್ಪನ್ನ? ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ!"

ಅಜ್ಜ ಸುತ್ತಿಗೆ ಇಳಿಸಲೂ ಇಲ್ಲ, ಹೊಡೆಯಲೂ ಇಲ್ಲ. ಮಾವನನ್ನೇ ದಿಟ್ಟಿಸಿದರು. ಆಮೇಲೆ ಗೋಡೆಗೆ ಆನಿಸಿದ್ದ ಒಂದು ಕಪಾಟಿನತ್ತ ಗದ್ದ ತೋರಿಸಿದರು. ಹೊಳೆಹೊಳೆಯುವ ಮೆರುಗು, ಹಿತ್ತಾಳೆಯ ಹಿಡಿ. "ಅದು ನನ್ನ ಅಳಿಯ ಮಾಡಿದ್ದು. ಹೇಗಿದೆ?"

ಮಾವ ಅರ್ಧ ಕಣ್ಣಿನಲ್ಲಿ ನೋಡಿ, ಎಣ್ಣೆಯಲ್ಲಿ ಜಾರಿದಷ್ಟು ಸಲೀಸಾಗಿ, "ತುಂಬಾ ಚೆನ್ನಾಗಿದೆ. ಭಾರೀ ಕೆಲಸ. ಕೈ ಮುಗೀಬೇಕು," ಎಂದರು.

ಅಜ್ಜನ ಗಂಟಲಿನಿಂದ ಮೊದಲು ಒಂದು ಗೊರಗೊರ ಶಬ್ದ ಹೊರಟಿತು. ಅದು ಎದೆಗಿಳಿಯಿತು, ಹೊಟ್ಟೆಗಿಳಿಯಿತು. ಕೊನೆಗೆ ಸುತ್ತಿಗೆಯನ್ನು ನೆಲಕ್ಕಿಟ್ಟು, ಮೇಜು ಹಿಡಿದುಕೊಂಡು ನಗತೊಡಗಿದರು. ಆ ಕಪಾಟಿನ ಬಾಗಿಲು ಮಾಡಿದ ದಿನದಿಂದ ಸರಿಯಾಗಿ ಮುಚ್ಚಿಲ್ಲವಂತೆ. ಮಗಳಿಗೆ ಬೇಸರವಾದೀತೆಂದು ಅವರೊಬ್ಬರೇ ಅದನ್ನು ನುಂಗಿಕೊಂಡಿದ್ದರಂತೆ.

"ನಾನೂ ಮರದ ಡಿಪೋದಲ್ಲಿ ಹೀಗೇ ಮಾರಾಯಾ!" ಎಂದರು ಕಣ್ಣೊರೆಸಿಕೊಂಡು. "ಒಳ್ಳೇ ಹಲಗೆ ಕಂಡ್ರೆ ಉಗಿದುಬಿಡ್ತಿದ್ದೆ. 'ಇದು ಹೆಣ ಸುಡೋಕೂ ಆಗಲ್ಲ' ಅಂತ ಬೈದು ಬೈದು ತಂದ ಮರವೇ ಈ ಪೆಟ್ಟಿಗೆ! ನನ್ನದೇ ಸಾಮಾನು ಅಂತ ಆದಾಗ ಮಾತ್ರ ನನಗೆ ಹೊಳೀಲೇ ಇಲ್ಲ ನೋಡು. ಕೂತ್ಕೋ. ಇನ್ನೊಂದು ಸಲ ಹೇಳು."

"ಏನು?"

"ನನ್ನ ಪೆಟ್ಟಿಗೆ ಹೇಗಿದೆ ಅಂತ. ನಿಧಾನವಾಗಿ ಹೇಳು, ಅವಸರ ಇಲ್ಲ."

ಮಾವನಿಗೆ ಅಷ್ಟು ಸಾಕಿತ್ತು. ಅಂಗಿಯ ತೋಳು ಮಡಿಚಿ ನೆಲಕ್ಕೆ ಮಂಡಿಯೂರಿದರು. "ಈ ಮೂಲೆ ನೋಡಿ! ಹಲ್ಲಿಗೆ ಹಲ್ಲು ಕಚ್ಚಿಸಿದೀರಲ್ಲ, ನಡುವೆ ಕೂದಲು ತೂರಿಸೋಕೂ ಜಾಗ ಬೇಡ್ವಾ? ಇಷ್ಟು ಜಿಪುಣತನ ಯಾಕೆ? ಈ ತಟ್ಟೆ ಒಂದು ಬೆರಳಲ್ಲಿ ತಳ್ಳಿದ್ರೆ ಓಡುತ್ತೆ, ಮನುಷ್ಯನಿಗೆ ಸ್ವಲ್ಪವೂ ಕಷ್ಟ ಬೇಡ ಅಂತಾನಾ? ಸೋಮಾರಿ ಮಾಡಿಬಿಡ್ತೀರಿ ಜನಾನ! ಇಲ್ಲಿ ತಳದಲ್ಲಿ, ಯಾರೂ ನೋಡದ ಕಡೆ, ಇಷ್ಟು ನುಣುಪು ಮಾಡಿದೀರಿ. ಹೊತ್ತು ಹೋಗ್ತಿರಲಿಲ್ವಾ ನಿಮಗೆ? ಈ ಹಿಡಿ ನಿಮ್ಮ ಹೆಬ್ಬೆರಳಿಗೆ ಸವೆದು ಗುಳಿ ಬಿದ್ದಿದೆ, ಬೇರೆಯವನು ಹಿಡಿಯೋದು ಹೇಗೆ? ಸ್ವಾರ್ಥ, ಬರೀ ಸ್ವಾರ್ಥ!"

ಅಜ್ಜ ಕಣ್ಣು ಮುಚ್ಚಿ, ಕಚೇರಿ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು. ಎಲ್ಲಾದರೂ ಮಾವ ಉಸಿರು ತೆಗೆದುಕೊಳ್ಳಲು ನಿಂತರೆ, "ಕೀಲು? ಕೀಲಿನ ಬಗ್ಗೆ?" ಎಂದು ನೆನಪಿಸುತ್ತಿದ್ದರು. ಮಗಳು ಬಾಗಿಲು ಬಿಟ್ಟು ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಮಾವ ಒಂದು ಗುಟುಕು ಕುಡಿದು, ಇಷ್ಟು ಕೆಟ್ಟ ಚಹಾ ಜನ್ಮದಲ್ಲಿ ಕುಡಿದಿಲ್ಲ ಎಂದರು. ಅವಳು ಖುಷಿಯಾಗಿ ಇನ್ನರ್ಧ ಲೋಟ ಸುರಿದಳು.

ಬೆಲೆಯ ಮಾತನ್ನು ಅವರಿಬ್ಬರು ಮೂಲೆಯಲ್ಲಿ ಕೂತು ಮುಗಿಸಿದರು. ಚೌಕಾಸಿ ಬಹಳ ಹೊತ್ತು ನಡೆಯಿತು. ಅಜ್ಜ ಇಳಿಸುತ್ತಿದ್ದರು, ಮಾವ ಏರಿಸುತ್ತಿದ್ದರು. ಒಂದು ಷರತ್ತು ಮಾತ್ರ ಇತ್ತು: ಸಾಮಾನು ಕೆಲಸ ಮಾಡುವ ಕೈಗೇ ಹೋಗಬೇಕು, ಪೆಟ್ಟಿಗೆಯಲ್ಲಿ ಮಣ್ಣು ಬೀಳಕೂಡದು. ಒಂದು ಚಿಕ್ಕ ಉಳಿಯನ್ನು ಅಜ್ಜ ತಮಗೆಂದು ಎತ್ತಿಟ್ಟುಕೊಂಡರು. ಪೆನ್ಸಿಲು ಚೂಪು ಮಾಡಿಕೊಳ್ಳಲು ಎಂದರು. ಯಾರೂ ಪೆನ್ಸಿಲು ಎಲ್ಲಿ ಎಂದು ಕೇಳಲಿಲ್ಲ.

ಪೆಟ್ಟಿಗೆ ಕಾರಿನ ಹಿಂಬದಿಯಲ್ಲಿ ಹಿಡಿಸದೆ ಹಿಂದಿನ ಸೀಟಿಗೆ ಬಂತು. ಅತ್ತೆ ಅದರ ಪಕ್ಕ ಮೈ ಮುದುಡಿಕೊಂಡು ಕೂತು, "ಇದನ್ನ ಎಲ್ಲಿಡ್ತೀರಿ? ನನ್ನ ತಲೆ ಮೇಲಾ?" ಎಂದು ಗೊಣಗಿದರು. ಆದರೂ ತಿರುವಿನಲ್ಲಿ ಕಾರು ವಾಲಿದಾಗ ಒಂದು ಕೈ ಚಾಚಿ ಅದನ್ನು ಹಿಡಿದುಕೊಂಡದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಮಾವ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿಯೇ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತೋ ಏನೋ. ಕೇಳಿದ್ದರೆ ಧೂಳು ಎನ್ನುತ್ತಿದ್ದರು, ಮತ್ತು ಧೂಳು ನಿಜವಾಗಿಯೂ ಬೇಕಾದಷ್ಟಿತ್ತು.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ನನಗೆ ಅಂಕಣದ ನೆನಪಾಯಿತು. ಇಷ್ಟು ದೊಡ್ಡ ಘಟನೆಗೆ ತಕ್ಕ ಒಂದು ದೊಡ್ಡ ಮಾತು ಬೇಡವೆ? ಪೆಟ್ಟಿಗೆಯ ಒಂದು ಬದಿಗೆ ಮಾವ ಕೈಹಾಕಿದ್ದರು, ಇನ್ನೊಂದು ಬದಿಗೆ ನಾನು ಹಾಕಬೇಕಿತ್ತು. ನಾನು ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೇಳಿದೆ:

"ಮಾವ, ಒಂದು ಮಾತು. ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ಮನುಷ್ಯ ನಿಜವಾಗಿ ಹುಡುಕುವುದು ಏನನ್ನು? ಕಳೆದುಹೋದ ಕಾಲವನ್ನೆ? ಕೈಗಳ ನೆನಪನ್ನೆ? ಅಥವಾ ತನ್ನನ್ನು ತಾನೇ?"

ಮಾವ ಭಾರಕ್ಕೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆ, ತಲೆ ಮಾತ್ರ ಎತ್ತಿ ನನ್ನನ್ನು ನೋಡಿದರು.

"ಗೆದ್ದಲು ಹಿಡಿದಿದೆಯಾ ಅಂತ ನೋಡ್ತೀವಿ. ಆ ಕಡೆ ಎತ್ತಿ."